ಅರಸನಿಲ್ಲದ ನಾಡಿನ ಕಥೆಗಳು

ನೈಜೀರಿಯಾ ದೇಶದ ಮಧ್ಯಭಾಗದಲ್ಲಿ, ಬೆನುವೆ ನದಿಯ ಕಣಿವೆಯಲ್ಲಿ, ಹೆಗ್ಗೆಣಸು ಜೋಳಗಳನ್ನು ಬೆಳೆದುಕೊಂಡು ಬಾಳುತ್ತ ಬಂದ ತಿವ್ ಜನರ ನಡುವೆ ಆಂಗ್ಲ ಅಧಿಕಾರಿಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಾಲಿಟ್ಟಾಗ, ಕಂದಾಯವನ್ನು ಎತ್ತಿಕೊಡಬಲ್ಲ ಅರಸನೊಬ್ಬನನ್ನು ಎಷ್ಟು ಅರಸಿದರೂ ಕಾಣದೆ ಹೋದರು. ತಾವೆಲ್ಲರೂ ತಿವ್ ಎಂಬ ಒಬ್ಬನೇ ಮೂಲಪುರುಷನ, ಇಪುಸು ಮತ್ತು ಇಚೊಂಗೊ ಎಂಬ ಅವನ ಇಬ್ಬರು ಮಕ್ಕಳ ಸಂತತಿಯೆಂದು ನಂಬಿದ ಆ ಜನಕ್ಕೆ ಹುಟ್ಟಿನಿಂದಲೇ ಆಳುವ ಕುಲವೊಂದು, ಆಳಿಸಿಕೊಳ್ಳುವ ಕುಲವೊಂದು ಇದೆಯೆಂಬ ಭಾವನೆಯೇ ಪರಕೀಯವಾಗಿತ್ತು. ವ್ಯಾಜ್ಯ ಹುಟ್ಟಿದಾಗ ಹಿರಿಯರು ‘ಜಿರ್’ ಎಂಬ ನ್ಯಾಯಸಭೆಯನ್ನು ಕೂಡಿಸುತ್ತಿದ್ದರು. ಅಲ್ಲಿ ತೀರ್ಪೆಂಬುದು ಮೇಲಿನಿಂದ ಇಳಿದುಬರುವ ಆಜ್ಞೆಯಾಗಿರದೆ, ಉಭಯ ಪಕ್ಷಗಳೂ ನೆರೆದವರೂ ಒಪ್ಪಿ ತಲೆದೂಗುವವರೆಗೆ ಮಾತಿನಲ್ಲಿ ಮಥಿಸಿ ತೆಗೆದ ನವನೀತವಾಗಿತ್ತು.

ಹಗಲಿನ ಈ ಸಭೆಗೆ ಇರುಳಿನ ಸಭೆಯೊಂದು ಜೊತೆಯಾಗಿತ್ತು. ಹೊಲದ ಕೆಲಸ ಮುಗಿದು ಕತ್ತಲು ಕವಿದಮೇಲೆ ಹಟ್ಟಿಯ ಅಂಗಳದಲ್ಲಿ ಮನೆಮಂದಿಯೆಲ್ಲ ಕೂಡಿ ಕೇಳುತ್ತಿದ್ದ ಕಥೆಗಳಿಗೆ ‘ಕ್ವಾಘ್ ಅಲೊಮ್’, ಎಂದರೆ ಮೊಲದ ವಿಷಯ, ಎಂದು ಹೆಸರು. ಸಿಂಹವೂ ಆನೆಯೂ ಇರುವ ಕಾಡಿನಲ್ಲಿ ಕಥಾಪ್ರಪಂಚಕ್ಕೆ ತನ್ನ ಹೆಸರನ್ನಿತ್ತದ್ದು ಮೊಲವೆಂಬುದು ಅರ್ಥಗರ್ಭಿತವಾದ ಸಂಗತಿ. ದೇಹದಲ್ಲಿ ಅಲ್ಪನಾದ ಅಲೊಮ್ ಬುದ್ಧಿಯಲ್ಲಿ ಅಲ್ಪನಲ್ಲ. ಬಲಿಷ್ಠರ ಗರ್ವವನ್ನು ಉಪಾಯದಿಂದ ಮುರಿಯುವನು. ಆದರೆ ಅದೇ ಅಲೊಮ್ ದುರಾಶೆಗೆ ಬಿದ್ದಾಗ ಅವನಿಗೂ ಅವಮಾನ ತಪ್ಪದು. ಹಿರಿಮೆ ಯಾರಿಗೂ ಶಾಶ್ವತವಲ್ಲವೆಂಬ ಪಾಠವನ್ನು ಮಕ್ಕಳು ನಗುನಗುತ್ತಲೇ ಕಲಿಯುತ್ತಿದ್ದರು.

ಆದರೂ ಈ ಕಥೆಗಳ ಪ್ರಜಾಸತ್ತೆ ಇರುವುದು ನೀತಿಯಲ್ಲಿ ಅಷ್ಟಾಗಿ ಅಲ್ಲ, ಕೇಳುವ ರೀತಿಯಲ್ಲಿ ಎಂದು ನನ್ನ ದೃಢವಾದ ನಂಬಿಕೆ. ತಿವ್ ಜನರ ನಡುವೆ ಬಾಳಿದ ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಮಳೆಗಾಲದ ಒಂದು ದಿನ ಹಟ್ಟಿಯ ಹಿರಿಯರಿಗೆ ಹ್ಯಾಮ್ಲೆಟ್ಟನ ಕಥೆಯನ್ನು ಹೇಳಹೊರಟ ಅನುಭವವನ್ನು ವರ್ಣಿಸಿದ್ದಾರೆ. ಸತ್ತವನು ನಡೆದು ಬರಲಾರನೆಂದು ಕೇಳುಗರು ತಡೆದರು. ಅಣ್ಣನ ವಿಧವೆಯನ್ನು ತಮ್ಮನು ವರಿಸಿದ್ದು ಯೋಗ್ಯವೇ ಆಯಿತೆಂದು ಮೆಚ್ಚಿದರು. ಎರಡು ವರ್ಷ ಗಂಡನಿಲ್ಲದೆ ಕುಳಿತರೆ ಹೊಲ ಅಗೆಯುವವರು ಯಾರೆಂದು ವೃದ್ಧನೊಬ್ಬನ ಹೆಂಡತಿಯೂ ಬಾಯಿ ಹಾಕಿದಳು. ಕೊನೆಗೆ ಕಥೆಯ ನಿಜವಾದ ಅರ್ಥವನ್ನು ಹಿರಿಯರೇ ತಿದ್ದಿ ಅತಿಥಿಗೆ ತಿಳಿಯಹೇಳಿದರು. ಜಗದ್ವಿಖ್ಯಾತ ಕವಿಯ ಕೃತಿಯೂ ಆ ಅಂಗಳಕ್ಕೆ ಬಂದಾಗ ಪ್ರಶ್ನೆಗೆ ಉತ್ತರ ಕೊಡಲೇಬೇಕಾಯಿತು.

ಆ ಸಮಾಜವು ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. ಜಿರ್ ಸಭೆಯಲ್ಲಿ ಹಿರಿಯ ಗಂಡಸರ ಮಾತಿಗೇ ತೂಕ ಹೆಚ್ಚು. 1927ರಲ್ಲಿ ಸರ್ಕಾರವು ನಿಷೇಧಿಸುವವರೆಗೆ ಹೆಣ್ಣಿಗೆ ಹೆಣ್ಣನ್ನು ಕೊಟ್ಟು ಮದುವೆ ನಡೆಸುವ ಪದ್ಧತಿಯೂ ಅಲ್ಲಿತ್ತು. ಆದರೆ ಅಧಿಕಾರವು ಒಬ್ಬನ ಕೈಯಲ್ಲಿ ಕೂಡಿದಾಗ ಶಂಕಿಸುವ ಗುಣ ಆ ಜನರಲ್ಲಿ ಅಳಿಯಲಿಲ್ಲ. 1946ರಲ್ಲಿ ‘ತೊರ್ ತಿವ್’ ಎಂಬ ಪರಮಾಧಿಪತಿಯ ಪದವಿಯನ್ನು ಸೃಷ್ಟಿಸಿದ ಮೇಲೂ, ಸ್ಥಳೀಯ ಅಧಿಕಾರಿಗಳ ದರ್ಪವನ್ನು ಸಹಿಸದೆ 1960ರಲ್ಲಿಯೂ 1964ರಲ್ಲಿಯೂ ತಿವ್ ನಾಡು ದಂಗೆಯೆದ್ದಿತು. ಅದೇ ದಶಕದಲ್ಲಿ ಮೊಲದ ಕಥೆಗಳು ಬೊಂಬೆ, ಮುಖವಾಡ, ಹಾಡು, ಕುಣಿತಗಳನ್ನು ಕೂಡಿಸಿಕೊಂಡು ‘ಕ್ವಾಘ್ ಹಿರ್’ ಎಂಬ ರಂಗಕಲೆಯಾಗಿ ಬಯಲಿಗೆ ಬಂದುವು. 2019ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರಜಾಪ್ರಭುತ್ವವು ಮತಪೆಟ್ಟಿಗೆಯೊಡನೆ ಹುಟ್ಟಿತೆಂದು ಎಣಿಸುವವರು ಬೆನುವೆ ಕಣಿವೆಯ ಅಂಗಳವನ್ನು ನೆನೆಯಬೇಕು. ಹೇಳುವವನನ್ನು ನಡುವೆ ತಡೆದು ‘ಅದು ಹೇಗೆ?’ ಎಂದು ಕೇಳಬಲ್ಲ ಕೇಳುಗನು ಎಲ್ಲಿರುವನೋ ಅಲ್ಲಿಯೇ ಅದರ ಬೇರು ಇದೆ.