ಫಲನಾಪ್ಸಿಸ್ ಆರ್ಕಿಡ್: ತೀರ್ಥಹಳ್ಳಿಗೊಂದು ಮಿಶ್ರಣ, ಭದ್ರಾವತಿಗೊಂದು

ನರ್ಸರಿಯಲ್ಲಿ ಐನೂರು, ಆರುನೂರು ರೂಪಾಯಿ ಕೊಟ್ಟು ತಂದ ಫಲನಾಪ್ಸಿಸ್ ಎರಡು ಮೂರು ತಿಂಗಳು ಹೂ ಬಿಟ್ಟುಕೊಂಡು ಚೆನ್ನಾಗೇ ಇರುತ್ತದೆ. ತಾಪತ್ರಯ ಶುರುವಾಗುವುದು ಹೂ ಉದುರಿದ ಮೇಲೆ. ಎಲೆ ಜೋತು ಬೀಳುತ್ತದೆ. ನೀರು ಸಾಲಲಿಲ್ಲವೇನೋ ಅಂತ ಮನೆಯವರು ಇನ್ನೊಂದು ಚೊಂಬು ಸುರಿಯುತ್ತಾರೆ. ಆಷಾಢ ಮುಗಿಯುವಷ್ಟರಲ್ಲಿ ಗಿಡದ ಕಥೆಯೂ ಮುಗಿದಿರುತ್ತದೆ. ಕುಂಡದಿಂದ ಕಿತ್ತು ನೋಡಿದರೆ ಬೇರೆಲ್ಲ ಕಂದು ಬಣ್ಣದ ಲೋಳೆ. ನೀರಿಲ್ಲದಿದ್ದರೂ ಎಲೆ ಬಾಡುತ್ತದೆ, ಹೆಚ್ಚಾಗಿ ಬೇರು ಕೊಳೆತರೂ ಹಾಗೇ ಬಾಡುತ್ತದೆ. ಹಾಗಾಗಿ ಎಲೆ ನೋಡಿ ನೀರು ಹಾಕುವುದು ಈ ಗಿಡಕ್ಕೆ ಆಗಿಬರುವುದಿಲ್ಲ.

ಯೂಟ್ಯೂಬ್ ನೋಡಿ ಮಿಶ್ರಣ ಮಾಡಿಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಶಿವಮೊಗ್ಗ ಜಿಲ್ಲೆಯೊಳಗೇ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಇದೆ, ಅದರ ಕಾಲು ಭಾಗವೂ ಬೀಳದ ಭದ್ರಾವತಿ, ಶಿಕಾರಿಪುರದ ಬಯಲೂ ಇದೆ. ಎರಡೂ ಕಡೆ ಒಂದೇ ಮಿಶ್ರಣ ಹಾಕಿದರೆ ಒಂದು ಕಡೆ ಗಿಡ ಕೊಳೆಯುತ್ತದೆ, ಇಲ್ಲ ಇನ್ನೊಂದು ಕಡೆ ಒಣಗುತ್ತದೆ.

ಮಣ್ಣು ಬೇಡವೇ ಬೇಡ

ಮಲೆನಾಡಿನವರಿಗೆ ಆರ್ಕಿಡ್ ಹೊಸದಲ್ಲ. ಹಲಸಿನ ಮರ, ಮಾವಿನ ಮರದ ಮೇಲೆ ಜಡೆಯ ಹಾಗೆ ಹೂ ಇಳಿಬಿಡುವ ಸೀತಾಳೆ ದಂಡೆ ಆರ್ಕಿಡ್ಡೇ. ಫಲನಾಪ್ಸಿಸ್ ಕುಲದ ಗಿಡಗಳೂ ಪಶ್ಚಿಮ ಘಟ್ಟದಲ್ಲಿವೆ. ಫಲನಾಪ್ಸಿಸ್ ಮೈಸೂರೆನ್ಸಿಸ್ ಅಂತ ಮೈಸೂರಿನ ಹೆಸರು ಹೊತ್ತದ್ದೇ ಒಂದಿದೆ, ಸಸ್ಯವಿಜ್ಞಾನಿ ಸಿ.ಜೆ. ಸಲ್ಡಾನ 1974ರಲ್ಲಿ ಅದಕ್ಕೆ ಆ ಹೆಸರಿಟ್ಟರು. ಅದರ ಹೂ ಪುಟ್ಟದು, ಅಂಗಡಿಯಲ್ಲಿ ಸಿಗುವ ಅಂಗೈ ಅಗಲದ ಹೂವಿನದ್ದು ತಳಿ ಬೆರೆಸಿ ಮಾಡಿದ ಗಿಡ. (ಕಾಡಿನ ಮರದಿಂದ ಕಿತ್ತು ತರುವ ಕೆಲಸ ಮಾತ್ರ ಬೇಡ. ಹಾಗೆ ತಂದದ್ದು ಮನೆಯಲ್ಲಿ ಉಳಿಯುವುದೂ ಕಷ್ಟ.)

ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಗಿಡದ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರ ಇರುತ್ತದೆ. ಮಳೆ ಬಿದ್ದಾಗ ಗಬಕ್ಕನೆ ನೀರು ಹೀರಿಕೊಂಡು ಹಸಿರಾಗುತ್ತದೆ, ಒಣಗಿದಾಗ ಬೆಳ್ಳಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಮ್ಮಣ್ಣು, ಗೊಬ್ಬರ ಬೆರೆಸಿದ ಕುಂಡದಲ್ಲಿ ಈ ಬೇರು ಉಸಿರುಗಟ್ಟಿ ಸಾಯುತ್ತದೆ. ಕೊಕೊಪೀಟ್ ಪುಡಿಯೂ ಅಷ್ಟೇ, ನೀರು ಹಿಡಿದುಕೊಂಡು ಮುದ್ದೆಯಾಗುತ್ತದೆ. ಅಡಿಕೆ ಸಿಪ್ಪೆ ನಮ್ಮಲ್ಲಿ ರಾಶಿ ರಾಶಿ ಸಿಗುತ್ತದೆ, ಹಾಕಬಹುದಾ ಅಂತ ಕೇಳುವವರಿದ್ದಾರೆ. ಬೇಡ. ನಾರು ಹೆಣೆದುಕೊಂಡು ಒದ್ದೆ ಚಾಪೆಯಾಗಿಬಿಡುತ್ತದೆ. ಅದು ತೋಟದಲ್ಲೇ ಇರಲಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಯಲ್ಲಿ ಕುಂಡ ಒಣಗುತ್ತದಾ? ಇಲ್ಲಿ ನೀರು ಹಿಡಿಯುವ ವಸ್ತು ಕಡಿಮೆ, ಗಾಳಿ ಬಿಡುವ ವಸ್ತು ಜಾಸ್ತಿ ಇರಬೇಕು. ಎರಡು ಪಾಲು ಇದ್ದಿಲು, ಒಂದು ಪಾಲು ಹಂಚಿನ ಚೂರು, ಒಂದು ಪಾಲು ತೆಂಗಿನಕಾಯಿ ಸಿಪ್ಪೆಯ ತುಂಡು ಹಾಕಿ. ಜಗಲಿ ತೀರಾ ಥಂಡಿಯಾಗಿದ್ದರೆ ಸಿಪ್ಪೆಯನ್ನೂ ಬಿಟ್ಟುಬಿಡಿ, ಇದ್ದಿಲು ಹಂಚು ಎರಡೇ ಸಾಕು.

ಇದ್ದಿಲು ಅಂದ್ರೆ ಕಟ್ಟಿಗೆಯ ಇದ್ದಿಲು. ಪುಡಿ ಒತ್ತಿ ಮಾಡಿದ ಉಂಡೆಗಳು ಬೇಡ. ತುಂಡುಗಳು ಸುಲಿದ ಅಡಿಕೆಯ ಗಾತ್ರ ಇರಲಿ, ದೊಡ್ಡ ಗಿಡಕ್ಕೆ ಇನ್ನೂ ಸ್ವಲ್ಪ ದೊಡ್ಡದಾದರೂ ನಡೆಯುತ್ತದೆ. ಪುಡಿ ಉಳಿದರೆ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ಚೆನ್ನಾಗಿ ತೊಳೆದೇ ಹಾಕಿ. ಮಾಡು ರಿಪೇರಿ ಮಾಡಿದಾಗ ಉಳಿದ ಮಂಗಳೂರು ಹಂಚು ಒಡೆದರೆ ಹಂಚಿನ ಚೂರಿಗೆ ದುಡ್ಡು ಕೊಡಬೇಕಾಗಿಲ್ಲ. ಪಾಚಿ ಕಟ್ಟಿದ ಹಂಚಾದರೆ ಕುದಿಯುವ ನೀರು ಸುರಿದು ಉಜ್ಜಿ.

ಕಾಯಿ ಸಿಪ್ಪೆಯ ವಿಷಯದಲ್ಲಿ ಅವಸರ ಬೇಡ. ಅದರಲ್ಲಿ ಉಪ್ಪಿನಂಶ, ಒಗರು ಎರಡೂ ಇರುತ್ತವೆ. ಅದರಲ್ಲೂ ಕರಾವಳಿಯಿಂದ ಬಂದ ಕಾಯಿಯಾದರೆ ಉಪ್ಪು ಹೆಚ್ಚಿರಬಹುದು. ಹೆಬ್ಬೆರಳ ತುದಿಯಷ್ಟು ತುಂಡು ಮಾಡಿ ನಾಲ್ಕೈದು ದಿನ ನೀರಲ್ಲಿ ನೆನೆಸಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ. ಕಾಫಿ ಬಣ್ಣದ ನೀರು ತಿಳಿಯಾಗುತ್ತ ಬಂದ ಮೇಲೆ ಬಳಸಿ. ಇಷ್ಟು ಮಾಡದೆ ಹಾಕಿದ ಸಿಪ್ಪೆಯಿಂದ ಬೇರಿನ ತುದಿ ಸುಟ್ಟರೆ ಜನ ಗೊಬ್ಬರವನ್ನು ಬೈಯುತ್ತಾರೆ.

ಬಯಲು ಕಡೆ ಮತ್ತು ಪೇಟೆ ಮನೆ

ಭದ್ರಾವತಿ, ಶಿಕಾರಿಪುರ, ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಗಳಲ್ಲಿ ಮಾರ್ಚ್, ಏಪ್ರಿಲ್ ಬಿಸಿಲಿಗೆ ಬರೀ ಇದ್ದಿಲಿನ ಕುಂಡ ಒಂದೇ ದಿನದಲ್ಲಿ ಒಣಗುತ್ತದೆ. ಅಲ್ಲಿ ಎರಡು ಪಾಲು ಪೈನ್ ತೊಗಟೆ ಅಥವಾ ಕಾಯಿ ಸಿಪ್ಪೆ, ಒಂದು ಪಾಲು ಇದ್ದಿಲು, ಮೇಲೊಂದು ಹಿಡಿ ಸ್ಫ್ಯಾಗ್ನಮ್ ಪಾಚಿ ಸರಿಹೋಗುತ್ತದೆ. ಪೈನ್ ತೊಗಟೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಜಾಸ್ತಿಯೇ. ನೆನೆಸಿಟ್ಟ ಕಾಯಿ ಸಿಪ್ಪೆ ಅದಕ್ಕಿಂತ ತುಂಬಾ ಕಡಿಮೆಯೇನಲ್ಲ, ಆದರೆ ಬೇಗ ಮೆತ್ತಗಾಗುತ್ತದೆ. ತೊಗಟೆ ಸುಮಾರು ಎರಡು ವರ್ಷ ತಡೆಯುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿದೆ ಅಂದ್ರೆ ಬದಲಿಸುವ ಕಾಲ ಬಂತು.

ನರ್ಸರಿಯಿಂದ ಬರುವ ಬಹಳಷ್ಟು ಗಿಡಗಳ ಬೇರಿನ ಸುತ್ತ ಇದೇ ಪಾಚಿಯನ್ನು ಬಿಗಿಯಾಗಿ ತುರುಕಿರುತ್ತಾರೆ. ಗಾಳಿ, ತಾಪ, ನೀರು ಎಲ್ಲ ಲೆಕ್ಕದಲ್ಲಿರುವ ಪಾಲಿಹೌಸಿಗೆ ಅದು ಸರಿ. ನಮ್ಮ ಜಗಲಿಯಲ್ಲಿ ಮೇಲೆ ಒಣಗಿದ ಹಾಗೆ ಕಂಡರೂ ನಡುವೆ ವಾರಗಟ್ಟಲೆ ಒದ್ದೆ ಇರುತ್ತದೆ. ಮಳೆಗಾಲದಲ್ಲಿ ಸಾಯುವ ಗಿಡಗಳ ಒಳಗೆ ನೋಡಿದರೆ ಹೆಚ್ಚಾಗಿ ಸಿಗುವುದು ಈ ಪಾಚಿಯ ಮುದ್ದೆ.

ಕುಂಡ ಬದಲಿಸುವಾಗ

ಹೂ ಪೂರ್ತಿ ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ, ಅಂದ್ರೆ ಏಪ್ರಿಲ್–ಮೇ ಒಳ್ಳೆಯ ಸಮಯ. ಹೊಸ ಬೇರು ಬರುವಷ್ಟು ಬಿಡುವು ಗಿಡಕ್ಕೆ ಸಿಗುತ್ತದೆ. ಆದರೆ ಬೇರು ಕೊಳೆಯುತ್ತಿದೆ ಅಂತ ಗೊತ್ತಾದರೆ ತಿಂಗಳು ನೋಡುತ್ತ ಕೂರಬೇಡಿ, ಹೂವಿದ್ದರೂ ಸರಿ, ಬದಲಿಸಿ.

ಗಿಡವನ್ನು ನೀರಲ್ಲಿ ನೆನೆಸಿ ಬಿಡಿಸಿಕೊಂಡು ಬೇರುಗಳನ್ನು ಒಂದೊಂದಾಗಿ ಒತ್ತಿ ನೋಡಿ. ಗಟ್ಟಿಯಾಗಿದ್ದದ್ದು ಇರಲಿ, ಲೊಳಕ್ ಅನ್ನುವುದನ್ನು, ಟೊಳ್ಳಾದದ್ದನ್ನು ಕತ್ತರಿಸಿ. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಗ್ಯಾಸಿನ ಉರಿಯಲ್ಲಿ ಹಿಡಿಯಿರಿ, ಆರ್ಕಿಡ್‌ನ ವೈರಸ್ ರೋಗ ಹರಡುವುದೇ ಇಂಥ ಕತ್ತರಿಯಿಂದ. ದಾಲ್ಚಿನ್ನಿ ಪುಡಿ ಹಚ್ಚುವ ರೂಢಿ ಇದೆ. ಕತ್ತರಿಸಿದ ಬಾಯಿಗೆ ಮಾತ್ರ ಚೂರು ಮುಟ್ಟಿಸಿ, ಒಳ್ಳೆ ಬೇರಿಗೆ ಬಳಿದರೆ ಅದೂ ಒಣಗುತ್ತದೆ. ಹೊಸ ಕುಂಡ ಬೇರು ಹಿಡಿಯುವಷ್ಟೇ ಇರಬೇಕು. ಗಿಡ ಬೆಳೀಲಿ ಅಂತ ದೊಡ್ಡದು ತಂದರೆ ನಡುವೆ ನೀರು ಉಳಿಯುತ್ತದೆ. ತೂತು ಹೊಡೆದ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಬೇರಿನ ಬಣ್ಣ ಹೊರಗಿನಿಂದಲೇ ಕಾಣುವುದರಿಂದ ಹೊಸಬರಿಗೆ ಅದೇ ಅನುಕೂಲ. ಬೇರು ಬೆಳ್ಳಗಾದ ಮೇಲೆ ನೀರು, ಹಸಿರಿದ್ದರೆ ಬೇಡ.

ಮಳೆಗಾಲದಲ್ಲಿ ಕುಂಡ ಸೂರಿನ ಒಳಗೇ ಇರಲಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ, ಆಮೇಲೆ ಮೇಲಕ್ಕೆ ಹೊಸ ಎಲೆ ಬರುವುದಿಲ್ಲ.

ಗೊಬ್ಬರ: ಚಮಚದ ಲೆಕ್ಕ

ಇದ್ದಿಲು, ಹಂಚಿನಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ. ಹಾಗಂತ ಸಗಣಿ ನೀರು, ಕಡಲೆಕಾಯಿ ಹಿಂಡಿ, ಜೀವಾಮೃತ ಸುರಿದರೆ ಸಂದುಗಳು ಮುಚ್ಚಿ, ನುಸಿ ಎದ್ದು, ಬಸವನಹುಳುವಿಗೆ ಮನೆ ಮಾಡಿಕೊಟ್ಟ ಹಾಗಾಗುತ್ತದೆ. ಗುಲಾಬಿ, ದಾಸವಾಳಕ್ಕೆ ಅವೆಲ್ಲ ಬಂಗಾರವೇ, ಇದಕ್ಕಲ್ಲ.

ಗೊಬ್ಬರದ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಪೂರ್ತಿ ಕರಗುವ 19:19:19 ಸಾಕು. ತೋಟ ಇರುವವರ ಮನೆಯಲ್ಲಿ ಡ್ರಿಪ್‌ಗೆ ತಂದದ್ದು ಉಳಿದಿರುತ್ತದೆ. ಅಳತೆಯಲ್ಲಿ ಮಾತ್ರ ಪ್ಯಾಕೆಟ್ ಮೇಲೆ ಬೆಳೆಗೆ ಬರೆದದ್ದನ್ನು ನಂಬಬೇಡಿ. ಆರ್ಕಿಡ್‌ಗೆ ಲೀಟರಿಗೆ ಅರ್ಧ ಗ್ರಾಂ. ಅಷ್ಟು ತೂಗಲು ಮನೆಯಲ್ಲಿ ತಕ್ಕಡಿ ಇರಲ್ಲ, ಹತ್ತು ಲೀಟರ್ ಬಕೆಟಿಗೆ ಮಟ್ಟಸವಾಗಿ ಒಂದು ಟೀ ಚಮಚ ಅಂತ ಇಟ್ಟುಕೊಳ್ಳಿ. ಗಿಡ ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಇದನ್ನು ಕೊಡಿ, ಒಣ ಬೇರಿಗಲ್ಲ, ಮೊದಲು ಬರೀ ನೀರು ಹಾಕಿದ ಮೇಲೆ. ನಾಲ್ಕನೇ ವಾರ ಗೊಬ್ಬರ ಬಿಟ್ಟು, ತಳದಿಂದ ಧಾರಾಳ ಹರಿದುಹೋಗುವಷ್ಟು ಬರೀ ನೀರು ಸುರಿದು ಉಪ್ಪು ತೊಳೆಯಿರಿ. ಕುಂಡದ ಅಂಚಿಗೆ ಬಿಳಿ ಪೊರೆ, ಬೇರಿನ ತುದಿ ಕಪ್ಪು ಕಂಡರೆ ಗೊಬ್ಬರ ಹೆಚ್ಚಾಗಿದೆ ಅಂತ ಅರ್ಥ.

19:19:19 ಪ್ಯಾಕೆಟ್ಟಿನ ಹಿಂಭಾಗ ಓದಿದರೆ ಸಾರಜನಕ ಮೂರು ರೂಪದಲ್ಲಿರುವುದು ಕಾಣುತ್ತದೆ: ಯೂರಿಯಾ, ಅಮೋನಿಯಾ, ನೈಟ್ರೇಟ್. ಸಾಮಾನ್ಯವಾಗಿ ಯೂರಿಯಾದ್ದೇ ಹೆಚ್ಚು ಪಾಲು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬದಲಿಸಿ ಬೆಳೆಗೆ ಕೊಡುತ್ತವೆ. ಬರೀ ಇದ್ದಿಲಿನಲ್ಲಿ ಆ ಕೆಲಸ ಅಷ್ಟಾಗಿ ನಡೆಯುವುದಿಲ್ಲ, ನೀರೂ ಬೇಗ ಹರಿದುಹೋಗುತ್ತದೆ. ಹಾಗಾಗಿ ಒಂದು ವಾರ 19:19:19, ಮುಂದಿನ ವಾರ ಅಷ್ಟೇ ಪ್ರಮಾಣದ ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದು ಒಳ್ಳೆಯದು. ಮಳೆ ನೀರು ಹಿಡಿದಿಟ್ಟು ಹಾಕುವ ಮನೆಗಳಿಗೆ ಇದು ಇನ್ನೂ ಮುಖ್ಯ, ಮಳೆ ನೀರಲ್ಲಿ ಸುಣ್ಣದ ಅಂಶವೇ ಇರಲ್ಲ. ಪಾತ್ರೆಗೆ ಬಿಳಿ ಕಟ್ಟುವಂಥ ಗಡಸು ಬೋರ್‌ವೆಲ್ ನೀರಿನ ಮನೆಯವರು ಕ್ಯಾಲ್ಸಿಯಂ ತಿಂಗಳಿಗೊಮ್ಮೆ ಕೊಟ್ಟರೂ ಸಾಕು, ಉಪ್ಪು ತೊಳೆಯುವುದನ್ನು ಮಾತ್ರ ತಪ್ಪಿಸಬಾರದು. ಎರಡು ಗೊಬ್ಬರ ಒಂದೇ ಬಕೆಟಿಗೆ ಹಾಕಬೇಡಿ. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ, ರಂಜಕ ಸೇರಿ ಬಿಳಿ ಗಸಿಯಾಗಿ ತಳ ಸೇರುತ್ತವೆ, ಗಿಡಕ್ಕೆ ಎರಡೂ ದಕ್ಕುವುದಿಲ್ಲ.

ಜಡಿಮಳೆಯ ವಾರಗಳಲ್ಲಿ ಬೆಳಕೂ ಕಡಿಮೆ, ಬೆಳವಣಿಗೆಯೂ ಕಡಿಮೆ. ನೀರು ಬೇಡದ ವಾರ ಗೊಬ್ಬರವೂ ಬೇಡ.

ಹೂ ಬರಿಸುವ ಗೊಬ್ಬರ ಅಂತ 00:52:34 ಕೊಡುವವರಿದ್ದಾರೆ. ಫಲನಾಪ್ಸಿಸ್ ಹೂವಿನ ಕಡ್ಡಿ ಬಿಡುವುದು ರಂಜಕ ನೋಡಿ ಅಲ್ಲ, ತಂಪು ನೋಡಿ. ಕೆಲವು ವಾರ ತಾಪಮಾನ 25 ಡಿಗ್ರಿಗಿಂತ ಕೆಳಗಿದ್ದರೆ ಆರೋಗ್ಯವಾಗಿರುವ ಗಿಡ ಕಡ್ಡಿ ಹಾಕುತ್ತದೆ. ನವೆಂಬರ್ ಹೊತ್ತಿಗೆ ನಮ್ಮಲ್ಲಿ ಆ ಚಳಿ ತಾನಾಗೇ ಬರುತ್ತದೆ. ಆಗ ಗಿಡವನ್ನು ಬೆಚ್ಚಗಿನ ಒಳಕೋಣೆಯಿಂದ ಬೆಳಕಿರುವ ಕಿಟಕಿಗೋ ಜಗಲಿಗೋ ತನ್ನಿ, ನೇರ ಬಿಸಿಲು ಬೇಡ. ಎಲೆಯ ಬುಡದಿಂದ ಚಿಗುರಿದ್ದು ಬೇರೋ ಕಡ್ಡಿಯೋ ಅಂತ ಗೊಂದಲವಾದರೆ ತುದಿ ನೋಡಿ: ನುಣ್ಣಗೆ ಗುಂಡಗಿದ್ದರೆ ಬೇರು, ಕೈಚೀಲದ ಬೆರಳಿನ ಹಾಗೆ ಮಡಿಕೆ ಮಡಿಕೆ ಇದ್ದರೆ ಹೂವಿನ ಕಡ್ಡಿ. ಕಡ್ಡಿ ಕಂಡ ಮೇಲೆ ಕುಂಡವನ್ನು ಆಚೀಚೆ ತಿರುಗಿಸಬೇಡಿ, ಕಡ್ಡಿ ಬೆಳಕಿನ ಕಡೆಗೇ ತಿರುಗಲು ಹೋಗಿ ಸೊಟ್ಟಗಾಗುತ್ತದೆ.