ಬಾಕಿ ಉಳಿದಿದ್ದ ಒಂದು ಪಾಠ



ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ, ಅದರ ಅರ್ಧಾಯು 3.8 ದಿನ ಎಂದು ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆ ಅನಿಲವು ಮನೆಯೊಳಕ್ಕೂ ಬರುತ್ತದೆಂದು ನಾನು ಹೇಳಲಿಲ್ಲ. ಆಗ ನನಗೂ ತಿಳಿದಿರಲಿಲ್ಲ.

1984ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದ ಸಂಗತಿಯಿದು. ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಾಸ್ ಹಾದುಹೋದಾಗಲೆಲ್ಲ ವಿಕಿರಣಸೂಚಕ ಗಂಟೆ ಬಾರಿಸುತ್ತಿತ್ತು. ಸ್ಥಾವರವಾದರೋ ವಿದ್ಯುತ್ ಉತ್ಪಾದನೆಯನ್ನೇ ಆರಂಭಿಸಿರಲಿಲ್ಲ! ಒಂದು ದಿನ ಅವರು ಕೆಲಸಕ್ಕೆ ತೊಡಗುವ ಮೊದಲೇ ಯಂತ್ರದ ಮುಂದೆ ನಿಂತರು. ಆಗಲೂ ಗಂಟೆ ಬಾರಿಸಿತು. ದೋಷವಿದ್ದುದು ಸ್ಥಾವರದಲ್ಲಲ್ಲ, ಅವರ ಮನೆಯಲ್ಲಿ.

ಅಳೆದಾಗ ಮನೆಯ ಗಾಳಿಯಲ್ಲಿ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ ರೇಡಾನ್ ಇತ್ತು. ಪರಿಹಾರ ಕೈಗೊಳ್ಳಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1986ರಲ್ಲಿ ಗೊತ್ತುಪಡಿಸಿದ ಮಟ್ಟ ಕೇವಲ 4. ಅಲ್ಲಿಯವರೆಗೆ ಇದನ್ನು ಮುಖ್ಯವಾಗಿ ಗಣಿಕಾರ್ಮಿಕರ ಸಮಸ್ಯೆಯೆಂದೇ ಹೆಚ್ಚಿನವರು ಭಾವಿಸಿದ್ದರು.

ಆ ಪ್ರದೇಶದ ಶಿಲೆಗಳಲ್ಲಿ ಯುರೇನಿಯಂ ಅಂಶವಿದೆ. ಬೆಚ್ಚಗಿನ, ಮುಚ್ಚಿದ ಮನೆಯು ನೆಲದ ಬಿರುಕುಗಳ ಮೂಲಕ ಮಣ್ಣಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಉಸಿರಿನೊಡನೆ ಒಳಸೇರಿದ ರೇಡಾನಿನ ಸಂತತಿಕಣಗಳು ಶ್ವಾಸಕೋಶದಲ್ಲಿ ಕ್ಷಯಿಸಿ ಆಲ್ಫಾ ಕಣಗಳನ್ನು ಹೊರಸೂಸುತ್ತವೆ. ಅಮೆರಿಕದಲ್ಲಿ ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಪ್ರಮುಖ ಕಾರಣ ಇದೇ. ವರ್ಷಕ್ಕೆ ಸುಮಾರು 21,000 ಸಾವುಗಳೆಂದು ಅದೇ ಸಂಸ್ಥೆಯ ಅಂದಾಜು.

ಅಳೆಯುವ ವಿಧಾನ ಸರಳ. ಇದ್ದಿಲಿನ ಡಬ್ಬಿಯನ್ನು ಕೆಲವು ದಿನ ಕೋಣೆಯಲ್ಲಿ ತೆರೆದಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಇಲ್ಲವೇ ಪ್ಲಾಸ್ಟಿಕ್ ತುಣುಕೊಂದನ್ನು ತಿಂಗಳುಗಟ್ಟಲೆ ಇಟ್ಟು, ಬಳಿಕ ಕ್ಷಾರದಲ್ಲಿ ಅದ್ದಿ, ಆಲ್ಫಾ ಕಣಗಳು ಮೂಡಿಸಿದ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಪರಿಹಾರವೂ ಕಷ್ಟವಲ್ಲ: ಬಿರುಕು ಮುಚ್ಚಿ, ನೆಲದಡಿಯ ಗಾಳಿಯನ್ನು ಕೊಳವೆ ಮತ್ತು ಫ್ಯಾನಿನಿಂದ ಸೂರಿನ ಮೇಲಕ್ಕೆ ಸಾಗಿಸುವುದು. 1985ರ ಆರಂಭದಲ್ಲಿ ಮನೆ ತೊರೆದಿದ್ದ ವಾಟ್ರಾಸ್ ಕುಟುಂಬವು ಇಂತಹ ದುರಸ್ತಿಯ ನಂತರ ಅದೇ ಮನೆಗೆ ಮರಳಿತು.

ನನ್ನನ್ನು ಬಹಳವಾಗಿ ಕಾಡಿದ ಅಂಶವೆಂದರೆ, ಅಕ್ಕಪಕ್ಕದ ಎರಡು ಮನೆಗಳಲ್ಲಿಯೂ ಈ ಅನಿಲದ ಪ್ರಮಾಣ ಅಜಗಜಾಂತರವಾಗಿರಬಹುದು ಎಂಬುದು. ನೆರೆಮನೆಯ ಅಂಕಿ ನಮ್ಮ ಮನೆಗೆ ಸಲ್ಲದು. ಬಣ್ಣವಿಲ್ಲದ, ವಾಸನೆಯಿಲ್ಲದ ವಸ್ತುವನ್ನು ಅಳೆದೇ ಅರಿಯಬೇಕು.

ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ನನ್ನ ಶಿಷ್ಯರೂ ಬಂಧುಗಳೂ ಇದನ್ನು ಓದುತ್ತಿದ್ದೀರಿ. ನಿಮ್ಮ ಮನೆಯನ್ನು ಅಳೆಸಿದ್ದೀರಾ? ಇಲ್ಲವಾದರೆ ಈ ಚಳಿಗಾಲದಲ್ಲಿ ತಪ್ಪದೆ ಅಳೆಸಿರಿ. ಈ ಪಾಠಕ್ಕೆ ಅಂಕಗಳಿಲ್ಲ; ಆದರೆ ಉತ್ತರ ಬೇಕು.