ಮನೆಯನ್ನೇ ಎಳೆದ ಬಂಡಿಗಳು

1947ರಲ್ಲಿ ತೆಗೆದ ಒಂದು ಫೋಟೊ ಅಮೆರಿಕದಲ್ಲಿ ಬಹಳ ಹೆಸರುವಾಸಿ. ಫ್ರಾನ್ಸಿನ ಸೈಕಲ್ ಪಟು ಆಲ್ಫ್ರೆಡ್ ಲೆತೂರ್ನರ್ ತಮ್ಮ ಸೈಕಲ್ಲಿಗೆ ಅಲ್ಯುಮಿನಿಯಂ ಮೈಯ ಒಂದು ಏರ್‌ಸ್ಟ್ರೀಮ್ ಟ್ರೇಲರನ್ನು ಕಟ್ಟಿಕೊಂಡು ಎಳೆಯುತ್ತಿದ್ದಾರೆ. ಹಾಸಿಗೆ, ಅಡುಗೆಮನೆ ಎಲ್ಲ ಇರುವ ಒಂದು ಪುಟ್ಟ ಮನೆಯನ್ನು ಒಬ್ಬ ಮನುಷ್ಯ ಕಾಲಿನ ಬಲದಿಂದ ಎಳೆಯಬಹುದು ಎಂದು ತೋರಿಸುವುದು ಕಂಪನಿಯ ಉದ್ದೇಶವಾಗಿತ್ತು. ಫೋಟೊದಲ್ಲಿ ಮೋಸವೇನಿಲ್ಲ. ಚಕ್ರಗಳು ನುಣುಪಾಗಿ ತಿರುಗುತ್ತಿದ್ದರೆ, ರಸ್ತೆ ಸಪಾಟಾಗಿದ್ದರೆ, ಎಳೆಯಲು ಬೇಕಾದ ಬಲ ನಾವು ಅಂದುಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಇಳಿಜಾರಿನಲ್ಲಿ ಆ ಸೈಕಲ್ಲನ್ನು ನಿಲ್ಲಿಸಬೇಕಾಗಿ ಬಂದರೆ ಏನು ಗತಿ? ದೊಡ್ಡ ವಾಹನದ ಹಿಂದೆ ದೊಡ್ಡ ಟ್ರೇಲರ್ ಕಟ್ಟುವ ಕಸುಬಿನ ಇಡೀ ಚರಿತ್ರೆ ಈ ಪ್ರಶ್ನೆಯ ಸುತ್ತಲೇ ನಡೆದಿದೆ. ಎಂಜಿನ್ನಿನ ಬಲ ಬೇಗ ಬೆಳೆಯಿತು. ಹಿಡಿತ, ತಡೆ, ತಂಪು, ಈ ಮೂರನ್ನು ಸಾಧಿಸಲು ದಶಕಗಳೇ ಬೇಕಾದವು.

ಮೊದಲಿಗೆ ನೆನೆಯಬೇಕಾದವರು ಡೆಟ್ರಾಯಿಟ್‌ನ ಕಮ್ಮಾರ ಆಗಸ್ಟ್ ಫ್ರುಹಾಫ್. 1914ರಲ್ಲಿ ಅಲ್ಲಿನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿ ತಮ್ಮ ದೋಣಿಯನ್ನು ಉತ್ತರ ಮಿಷಿಗನ್‌ಗೆ ಸಾಗಿಸಬೇಕು, ಅದಕ್ಕೊಂದು ಗಾಡಿ ಮಾಡಿಕೊಡಿ ಎಂದು ಕೇಳಿದರು. ಕುದುರೆಗಾಡಿ ಕಟ್ಟಿ ಪಳಗಿದ್ದ ಫ್ರುಹಾಫ್, ಸಿಬ್ಲಿಯವರ ಮಾಡೆಲ್ ಟಿ ಫೋರ್ಡ್ ಕಾರಿನ ಬೆನ್ನಿಗೆ ಸಿಕ್ಕಿಸುವಂಥ ಗಾಡಿಯೊಂದನ್ನು ಮಾಡಿಕೊಟ್ಟರು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಮರ ಸಾಗಿಸಲೂ ಅಂಥದೇ ಬೇಕೆಂದು ಸಿಬ್ಲಿ ಹೇಳಿದರು. ಇಂದು ಹೆದ್ದಾರಿಯ ಲಾರಿಗಳ ಹಿಂದೆ ಕಾಣುವ ಸೆಮಿ-ಟ್ರೇಲರ್ ಹುಟ್ಟಿದ್ದು ಹೀಗೆ, ಒಬ್ಬರ ರಜೆಯ ದೋಣಿಯಿಂದ.

ಬ್ರೇಕಿನ ಕಥೆಯೂ ಅಷ್ಟೇ ಹಳೆಯದು. ಸ್ಪೀಡೋಮೀಟರ್ ತಯಾರಿಸಿ ಹೆಸರು ಮಾಡಿದ್ದ ಆರ್ಥರ್ ವಾರ್ನರ್ 1927ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಬಿಲಾಯ್ಟ್ ಊರಿನಲ್ಲಿ ವಿದ್ಯುತ್ ಬ್ರೇಕಿನ ಕಂಪನಿ ತೆರೆದರು. ಆ ಬ್ರೇಕಿನ ಒಳಗನ್ನು ಒಮ್ಮೆ ನೋಡಬೇಕು. ಚಕ್ರದ ಡ್ರಮ್ಮಿನೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ವಿದ್ಯುತ್ ಅಯಸ್ಕಾಂತವೊಂದು ಇರುತ್ತದೆ. ಮುಂದಿನ ವಾಹನದಿಂದ ವಿದ್ಯುತ್ ಹರಿದ ಕೂಡಲೇ ಅದು ತಿರುಗುತ್ತಿರುವ ಡ್ರಮ್ಮಿನ ಮುಖಕ್ಕೆ ಅಂಟಿಕೊಳ್ಳಲು ನೋಡುತ್ತದೆ, ಡ್ರಮ್ಮು ಅದನ್ನು ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ. ಆ ಎಳೆತಕ್ಕೆ ಒಂದು ಸನ್ನೆಕೋಲು ವಾಲಿ ಬ್ರೇಕಿನ ಪಟ್ಟಿಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಹರಿಯುವ ವಿದ್ಯುತ್ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಟ್ರೇಲರಿನ ವೇಗವೇ ಟ್ರೇಲರನ್ನು ತಡೆಯುವ ಬಲವಾಗುವ ಈ ಉಪಾಯ ನಿಜಕ್ಕೂ ಸೊಗಸಾದದ್ದು. ಅಮೆರಿಕದ ಕ್ಯಾಂಪಿಂಗ್ ಟ್ರೇಲರುಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಇದೇ ತತ್ವ.

1935ರಲ್ಲಿ ಷೆವರ್ಲೆ ಕಂಪನಿ ಸಬರ್ಬನ್ ಕ್ಯಾರಿಆಲ್ ಎಂಬ ಬಂಡಿಯನ್ನು ಮಾರುಕಟ್ಟೆಗೆ ತಂದಿತು. ಅರ್ಧ ಟನ್ ದರ್ಜೆಯ ಟ್ರಕ್ಕಿನ ಚಾಸಿಯ ಮೇಲೆ ಪೂರ್ತಿ ಉಕ್ಕಿನ ಮೈ, ಎಂಟು ಜನರಿಗೆ ಜಾಗ, ಆರು ಸಿಲಿಂಡರಿನ 60 ಅಶ್ವಶಕ್ತಿಯ ಎಂಜಿನ್. ಇಂದಿನ ಸಣ್ಣ ಕಾರಿಗೂ ಅದಕ್ಕಿಂತ ಹೆಚ್ಚಿನ ಬಲ ಇರುತ್ತದೆ. ಆದರೂ ಟ್ರಕ್ಕಿನ ಎಲುಬಿನ ಮೇಲೆ ಕುಟುಂಬ ಕೂರುವ ಮೈ ಎಂಬ ಯೋಚನೆ ಗಟ್ಟಿಯಾಗಿ ನಿಂತಿತು. ಸಬರ್ಬನ್ನಿನಷ್ಟು ದೀರ್ಘಕಾಲ ಬಳಕೆಯಲ್ಲಿ ಉಳಿದ ಮೋಟಾರು ಹೆಸರು ಇನ್ನೊಂದಿಲ್ಲ. ಆ ಕಾಲಕ್ಕೆ ಮಾತ್ರ ಟ್ರೇಲರ್ ಎಳೆಯುವವರು ಇದನ್ನು ಅಷ್ಟಾಗಿ ಮೂಸಲಿಲ್ಲ. ಅವರ ಹತ್ತಿರ ದೊಡ್ಡ ಸೆಡಾನ್ ಕಾರುಗಳಿದ್ದವು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಟ್ರೇಲರುಗಳು ಉದ್ದವಾದವು, ಭಾರವಾದವು. 1954ರಲ್ಲಿ ಬಂದ, ಲೂಸಿಲ್ ಬಾಲ್ ನಟಿಸಿದ ‘ದಿ ಲಾಂಗ್, ಲಾಂಗ್ ಟ್ರೇಲರ್’ ಸಿನಿಮಾದ ಹಾಸ್ಯವೆಲ್ಲ ಹುಟ್ಟುವುದು ಕಾರಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಬಾಲವನ್ನು ಬೆಟ್ಟದ ರಸ್ತೆಯಲ್ಲಿ ಎಳೆಯುವ ಪಡಿಪಾಟಲಿನಿಂದ. ಪ್ರೇಕ್ಷಕರು ನಕ್ಕರು, ಏಕೆಂದರೆ ಅವರಲ್ಲಿ ಅನೇಕರು ಆ ಭಯ ಉಂಡವರೇ.

ಭಯ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಎತ್ತಿನ ಗಾಡಿ ಹೂಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಹೆಗಲು ಬಿಡುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಕತ್ತು ಕುಸಿಯುತ್ತದೆ. ಟ್ರೇಲರಿನದೂ ಇದೇ ಲೆಕ್ಕ. ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದಾಗ ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲ ಬಡಿಯತೊಡಗುತ್ತದೆ, ಕೊನೆಗೆ ಮುಂದಿನ ವಾಹನವನ್ನೂ ರಸ್ತೆಯಿಂದ ಎತ್ತಿ ಹಾಕುತ್ತದೆ.

ಸರಿಯಾದ ಭಾರ ಹೇರಿದರೂ ಇನ್ನೊಂದು ತೊಡಕು ಇದ್ದೇ ಇದೆ. ಮುಂದಿನ ಹಿಂದಿನ ಗಾಲಿಗಳ ನಡುವೆ 130 ಇಂಚು ಅಂತರವಿರುವ ವಾಹನವನ್ನು ತೆಗೆದುಕೊಳ್ಳಿ. ಹಿಂದಿನ ಆಕ್ಸಲಿನಿಂದ 65 ಇಂಚು ಹಿಂದಿರುವ ಕೊಂಡಿಯ ಮೇಲೆ 800 ಪೌಂಡ್ ಕೂತರೆ ಹಿಂದಿನ ಗಾಲಿಗಳಿಗೆ ಬೀಳುವ ಹೆಚ್ಚುವರಿ ಭಾರ 800 ಅಲ್ಲ, 1,200 ಪೌಂಡ್. ಉಳಿದ 400 ಪೌಂಡ್ ಬಂದದ್ದು ಮುಂದಿನ ಗಾಲಿಗಳಿಂದ. ಅಂದರೆ ಸ್ಟೀರಿಂಗ್ ತಿರುಗಿಸುವ, ಬ್ರೇಕಿನ ಬಹುಪಾಲು ಹೊರೆ ಹೊರುವ ಗಾಲಿಗಳೇ ಹಗುರಾಗಿ ಮೂತಿ ಮೇಲೆತ್ತುತ್ತವೆ. ರಾತ್ರಿ ಹೊತ್ತು ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆ ಜನ ಮೊದಲು ಕಂಡುಕೊಂಡ ಮದ್ದು ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸುವುದು. ಮಿಷಿಗನ್‌ನ ಲಾನ್ಸಿಂಗ್‌ನಲ್ಲಿ 1949ರಲ್ಲಿ ಶುರುವಾದ ಏರ್ ಲಿಫ್ಟ್ ಕಂಪನಿ ಸ್ಪ್ರಿಂಗಿಗೆ ಆಸರೆಯಾಗಿ ಗಾಳಿ ತುಂಬಿದ ಚೀಲಗಳನ್ನು ಮಾರಿತು. ಕುಸಿದ ಹಿಂಭಾಗ ಮೇಲೆದ್ದು ವಾಹನ ನೋಡಲು ನೆಟ್ಟಗಾಯಿತು. ಆದರೆ ಮುಂದಿನ ಗಾಲಿಗಳು ಕಳೆದುಕೊಂಡ ಭಾರ ಮರಳಿ ಬರಲಿಲ್ಲ. ಅದನ್ನು ಮರಳಿಸಿದ್ದು 1950ರ ದಶಕದಲ್ಲಿ ಹಬ್ಬಿದ, ಭಾರ ಹಂಚುವ ಹಿಚ್. ಕೊಂಡಿಯ ತಲೆಯಿಂದ ಎರಡು ಉಕ್ಕಿನ ಸರಳುಗಳು ಹಿಂದಕ್ಕೆ ಚಾಚಿ ಟ್ರೇಲರಿನ ಕೈಗಳ ಕೆಳಗೆ ಬರುತ್ತವೆ. ಅವನ್ನು ಸರಪಳಿಯಿಂದ ಬಿಗಿಯಾಗಿ ಮೇಲಕ್ಕೆಳೆದು ಕಟ್ಟಿದಾಗ ಇಡೀ ಜೋಡಿ ಒಂದೇ ತೊಲೆಯ ಹಾಗೆ ಸೆಟೆದು, ಭಾರದ ಒಂದು ಪಾಲು ಮುಂದಿನ ಗಾಲಿಗೂ ಇನ್ನೊಂದು ಪಾಲು ಟ್ರೇಲರಿನ ಗಾಲಿಗೂ ಹಂಚಿಹೋಗುತ್ತದೆ. ಪಳಗಿದವರು ಟ್ರೇಲರ್ ಕಟ್ಟುವ ಮೊದಲು ಮುಂದಿನ ಮಡ್‌ಗಾರ್ಡಿನಿಂದ ನೆಲಕ್ಕೆ ಟೇಪು ಹಿಡಿದು ಅಳೆದಿಡುತ್ತಾರೆ, ಕಟ್ಟಿದ ಮೇಲೆ ಮತ್ತೆ ಅಳೆಯುತ್ತಾರೆ. ಒಂದು ಇಂಚು ಮೇಲೆದ್ದಿದ್ದರೆ ಸರಪಳಿಯ ಇನ್ನೊಂದು ಕೊಂಡಿ ಬಿಗಿ. ಎಪ್ಪತ್ತು ವರ್ಷದ ಹಿಂದಿನ ಈ ಉಪಾಯಕ್ಕೆ ಇಂದಿನ ಎಲೆಕ್ಟ್ರಾನಿಕ್ಸ್ ಬದಲಿಯಾಗಿಲ್ಲ.

ಏರ್‌ಸ್ಟ್ರೀಮ್ ಕಟ್ಟಿದ ವಾಲಿ ಬಯಾಮ್ ಈ ಪಾಠವನ್ನೆಲ್ಲ ಆಫ್ರಿಕಕ್ಕೆ ಒಯ್ದರು. 1959ರಲ್ಲಿ 41 ಟ್ರೇಲರು, ನೂರಕ್ಕೂ ಹೆಚ್ಚು ಜನ ಕೇಪ್‌ಟೌನಿನಿಂದ ಕೈರೊಗೆ ಹೊರಟರು. ಅವನ್ನು ಎಳೆದವುಗಳಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಟ್ರಕ್ಕುಗಳು ಎದ್ದು ಕಾಣುತ್ತಿದ್ದವು. ಟ್ರ್ಯಾಕ್ಟರ್ ಮಾಡುವ ಆ ಕಂಪನಿ 1953ರಲ್ಲೇ ಟ್ರಾವಲ್‌ಆಲ್ ಎಂಬ, ಸಬರ್ಬನ್ನಿಗೆ ಸರಿಸಾಟಿಯಾದ ಮುಚ್ಚಿದ ಮೈಯ ಬಂಡಿಯನ್ನೂ ತಂದಿತ್ತು. ಕಾಂಗೊ, ಇಥಿಯೋಪಿಯದ ಹಾದಿಗಳಲ್ಲಿ ಸೆಡಾನ್ ಕಾರಿನ ಸೊಗಸು ನಡೆಯುವಂತಿರಲಿಲ್ಲ. ಎತ್ತರದ ಚಾಸಿ, ಲಾರಿಯ ಆಕ್ಸಲ್ಲೇ ಬೇಕು. ಬಯಾಮ್ 1962ರಲ್ಲಿ ತೀರಿಕೊಂಡರು. ಅವರು ಹುಟ್ಟುಹಾಕಿದ ಪದ್ಧತಿ ಉಳಿದು, 1963-64ರಲ್ಲಿ ಇನ್ನೊಂದು ಸಾಲು ಸಿಂಗಪುರದಿಂದ ಹೊರಟು ಭಾರತದ ನೆಲವನ್ನೂ ಹಾದು ಯುರೋಪ್ ಮುಟ್ಟಿತು.

ತವರಿನಲ್ಲಿ ಮಾತ್ರ ಸೆಡಾನ್ ಮತ್ತು ಸ್ಟೇಷನ್ ವ್ಯಾಗನ್ನಿನ ಕಾಲ ಮುಗಿದದ್ದು ಕಾನೂನಿನಿಂದ. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ 1975ರಲ್ಲಿ ಇಂಧನ ಮಿತವ್ಯಯದ ಕಾಯ್ದೆ ಬಂತು. ಜನರಲ್ ಮೋಟಾರ್ಸ್ 1977ರ ದೊಡ್ಡ ಕಾರುಗಳನ್ನು ಕುಗ್ಗಿಸಿತು. ಟ್ರಕ್ಕುಗಳಿಗೆ ಮಾತ್ರ ಸಡಿಲವಾದ ನಿಯಮ. ಹೀಗಾಗಿ ಏಳು ಲೀಟರಿನ ಕಾರು ಇಟ್ಟುಕೊಂಡು ಟ್ರೇಲರ್ ಎಳೆಯುತ್ತಿದ್ದ ಕುಟುಂಬಕ್ಕೆ ಹೋಗಲು ಉಳಿದದ್ದು ಟ್ರಕ್ಕಿನ ಕಡೆಗೆ. ಸಬರ್ಬನ್ 1973ರಲ್ಲಿ ನಾಲ್ಕು ಬಾಗಿಲು ಪಡೆದು ಮನೆಮಂದಿಯ ವಾಹನವಾಗಿ ತಯಾರಾಗಿತ್ತು. ಅದರ ಮುಕ್ಕಾಲು ಟನ್ನಿನ ಮಾದರಿಗೆ 454 ಘನ ಇಂಚಿನ, ಅಂದರೆ 7.4 ಲೀಟರಿನ ವಿ8 ಎಂಜಿನ್ನನ್ನೂ ಕೇಳಿ ಹಾಕಿಸಿಕೊಳ್ಳಬಹುದಿತ್ತು. ಇಂಧನ ಉಳಿಸಲು ಬಂದ ಕಾಯ್ದೆ ಜನರನ್ನು ಇನ್ನೂ ಭಾರದ ಬಂಡಿಗೆ ಹತ್ತಿಸಿತು. ಇಂದಿನ ದೊಡ್ಡ ಎಸ್‌ಯುವಿಗಳ ಸಂತೆ ಶುರುವಾದದ್ದರಲ್ಲಿ ಈ ಸಡಿಲಿಕೆಯ ಪಾಲು ದೊಡ್ಡದು.

ಮುಂದಿನ ಶತ್ರು ಶಾಖ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟುತ್ತದೆ. ಭಾರ ಎಳೆದು ಘಾಟಿ ಏರುವಾಗ ಆ ಎಣ್ಣೆ ಕಲಕಿ ಕಾದು, ಕೆಂಪು ಬಣ್ಣ ಹೋಗಿ ಕಂದಾಗಿ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂತೆಂದರೆ ಗೇರ್‌ಬಾಕ್ಸ್ ಬಿಚ್ಚುವ ದಿನ ದೂರವಿಲ್ಲ. 1980ರ ದಶಕದಲ್ಲಿ ಡೀಸೆಲ್ ಪೆಟ್ರೋಲ್ ಉಳಿಸಲು ಓವರ್‌ಡ್ರೈವ್ ಗೇರುಗಳು ಬಂದಾಗ ಈ ಕಾಟ ಹೆಚ್ಚಿತು. ಟ್ರೇಲರ್ ಇದ್ದಾಗ ಓವರ್‌ಡ್ರೈವ್ ಬಿಟ್ಟು ಕೆಳಗಿನ ಗೇರಿನಲ್ಲೇ ಹೋಗಬೇಕೆಂಬ ಬುದ್ಧಿಮಾತು ಮನೆಮಾತಾಯಿತು. ಗ್ಯಾರೇಜುಗಳಲ್ಲಿ ರೇಡಿಯೇಟರಿನ ಮುಂದೆ ಎಣ್ಣೆ ತಣಿಸುವ ಇನ್ನೊಂದು ಕೂಲರ್ ಕೂರಿಸುವುದು, ಹಿಂದಿನ ಆಕ್ಸಲಿನ ಹಲ್ಲುಗಾಲಿಗಳನ್ನು ಬದಲಿಸುವುದು ಮಾಮೂಲಿ ಕೆಲಸಗಳಾದವು. 3.73ರ ಅನುಪಾತವನ್ನು 4.10ಕ್ಕೆ ಏರಿಸಿದರೆ ಎಂಜಿನ್ ಮುಟ್ಟದೆಯೇ ಗಾಲಿಗೆ ಸುಮಾರು ಶೇ. 10ರಷ್ಟು ಹೆಚ್ಚಿನ ಎಳೆತ ಸಿಗುತ್ತದೆ. ಪೆಟ್ರೋಲ್ ಖರ್ಚಿನಲ್ಲಿ ಅದರ ಬೆಲೆ ತೆರಬೇಕು, ಅಷ್ಟೆ. ಕಾರಿನ ಟೈರು ತೆಗೆದು ಗಟ್ಟಿ ಗೋಡೆಯ ಲಘು ಟ್ರಕ್ ಟೈರು ಹಾಕುವುದೂ ಈ ಪಟ್ಟಿಯದೇ.

ಕಂಪನಿಗಳೂ ಸುಮ್ಮನಿರಲಿಲ್ಲ. ಫೋರ್ಡ್ 2000ದ ಮಾದರಿಯಾಗಿ ಎಕ್ಸ್‌ಕರ್ಷನ್ ಎಂಬ ದೈತ್ಯವನ್ನು ಇಳಿಸಿತು. ಅದರ ತೂಕವೇ ಮೂರು ಟನ್ನಿಗೂ ಮೇಲೆ. ಜಾಹೀರಾತಿನಲ್ಲಿ ಎಳೆಯುವ ತೂಕದ ಅಂಕಿ ವರ್ಷ ವರ್ಷ ಏರತೊಡಗಿತು. ಅಳೆಯುವ ಕೋಲು ಮಾತ್ರ ಆಯಾ ಕಂಪನಿಯದೇ. ಈ ಗೊಂದಲ ನಿಲ್ಲಿಸಲು ಎಂಜಿನಿಯರರ ಸಂಘ ಎಸ್‌ಎಇ, ಜೆ2807 ಎಂಬ ಸಾಮಾನ್ಯ ಪರೀಕ್ಷೆಯನ್ನು ರೂಪಿಸಿತು. ಅದರ ಮುಖ್ಯ ಭಾಗಕ್ಕೆ ಮಾದರಿ ಅರಿಜೋನದ ಡೇವಿಸ್ ಡ್ಯಾಮ್ ಏರು. ಕೊಲರಾಡೊ ನದಿಯ ದಡದಿಂದ 11.4 ಮೈಲಿ, ಸುಮಾರು 3,000 ಅಡಿ ಮೇಲಕ್ಕೆ. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿರಬೇಕು, ಒಳಗೆ ಎಸಿ ಪೂರ್ತಿ ಓಡುತ್ತಿರಬೇಕು, ಪೂರ್ಣ ಭಾರದೊಂದಿಗೆ ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು, ಏನೂ ಕೆಡಬಾರದು.

ಟೊಯೋಟ 2011ರ ಮಾದರಿಗಳಿಗೆ ಇದನ್ನು ಮೊದಲು ಒಪ್ಪಿಕೊಂಡಿತು. ಅದರ ಟಂಡ್ರ ಟ್ರಕ್ಕಿನ ಅಂಕಿ ಇಳಿಯಿತು. ಉಳಿದ ಕಂಪನಿಗಳು ಹಲವು ವರ್ಷ ಹಿಂದೆಮುಂದೆ ನೋಡಿದವು. ತನ್ನ ಅಂಕಿಯನ್ನು ತಾನೇ ಇಳಿಸಿಕೊಳ್ಳುವುದು ವ್ಯಾಪಾರದಲ್ಲಿ ಸಣ್ಣ ಮಾತಲ್ಲ, ಆ ಧೈರ್ಯವನ್ನು ಮೆಚ್ಚಲೇಬೇಕು. 2012ರ ಅಕ್ಟೋಬರಿನಲ್ಲಿ ಅದೇ ಟಂಡ್ರ ಲಾಸ್ ಏಂಜಲಿಸ್‌ನ ಸೇತುವೆಯೊಂದರ ಮೇಲೆ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಎಳೆದು ದಾಟಿಸಿತು. ನೌಕೆ, ಅದನ್ನು ಹೊತ್ತ ಗಾಡಿ ಸೇರಿ 2,92,000 ಪೌಂಡ್.

ಅದಕ್ಕೂ ಮೊದಲು, 2006ರಲ್ಲಿ, ಇಂಗ್ಲೆಂಡಿನ ಡನ್ಸ್‌ಫೋಲ್ಡ್ ವಿಮಾನನೆಲೆಯಲ್ಲಿ ಫೋಕ್ಸ್‌ವ್ಯಾಗನ್ ಟೂವರೆಗ್ ಎಂಬ ಎಸ್‌ಯುವಿ 155 ಟನ್ನಿನ ಬೋಯಿಂಗ್ 747 ವಿಮಾನವನ್ನು 150 ಮೀಟರ್ ಎಳೆದಿತ್ತು. ಅದಕ್ಕಾಗಿ ಮಾಡಿದ ಮುಖ್ಯ ಬದಲಾವಣೆ ಎಂಜಿನ್ನಿನಲ್ಲಲ್ಲ. ಗಾಲಿ ನೆಲ ಕಚ್ಚಲೆಂದು ವಾಹನದೊಳಗೆ ನಾಲ್ಕು ಟನ್ನಿಗೂ ಹೆಚ್ಚು ಉಕ್ಕಿನ ಭಾರ ತುಂಬಿದ್ದರು.

ಹೆದ್ದಾರಿಯಲ್ಲಿ ಅಂಥ ಭಾರ ತುಂಬಿಕೊಳ್ಳುವ ಹಾಗಿಲ್ಲ. ಸಾಮಾನ್ಯ ಗಿರಾಕಿಗೆ ಸಬರ್ಬನ್ನಿನ ಮುಕ್ಕಾಲು ಟನ್ ಮಾದರಿ 2013ಕ್ಕೆ ಕೊನೆಯಾಯಿತು, ಎಕ್ಸ್‌ಕರ್ಷನ್ 2005ಕ್ಕೇ ನಿಂತಿತ್ತು. ಅದಕ್ಕೇ ಹಳೆಯ ಬಂಡಿಗಳನ್ನು ರಿಪೇರಿ ಮಾಡಿಸಿ ಕಾಪಾಡಿಕೊಂಡವರಿದ್ದಾರೆ. ಹೊಸ ಅರ್ಧ ಟನ್ನಿನದು ಕೊಂಡವರು ಸ್ಪ್ರಿಂಗು, ಕೂಲರು, ಬ್ರೇಕು, ಟೈರು ಎಲ್ಲ ಬದಲಿಸಿ ನೋಡುತ್ತಾರೆ. ಆದರೆ ಚಾಲಕನ ಬಾಗಿಲ ಚೌಕಟ್ಟಿಗೆ ಕಂಪನಿ ಅಂಟಿಸಿದ ಚೀಟಿಯನ್ನು ಯಾವ ಬಿಡಿಭಾಗವೂ ಬದಲಿಸಲಾರದು. ಅದರಲ್ಲಿ 1,600 ಪೌಂಡ್ ಹೊರಬಹುದು ಎಂದಿದೆ ಎನ್ನಿ. ಟ್ರೇಲರಿನ ಕೊಂಡಿಯ ಭಾರ 900, ಭಾರ ಹಂಚುವ ಹಿಚ್ಚಿನದು 100. ಎಂಟು ಸೀಟಿನ ಆ ಬಂಡಿಯಲ್ಲಿ ಜನಕ್ಕೂ ಸಾಮಾನಿಗೂ ಸೇರಿ ಉಳಿಯುವುದು 600 ಪೌಂಡ್, ಅಂದರೆ 270 ಕಿಲೊ ಚಿಲ್ಲರೆ. ಗಂಡ ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಕೂತರೆ ಲೆಕ್ಕ ಮುಗಿಯಿತು. ಉಳಿದ ಸಾಮಾನನ್ನು ಟ್ರೇಲರಿನೊಳಗೆ, ಆಕ್ಸಲಿನ ಮೇಲೆ ಸಮನಾಗಿ ಬರುವಂತೆ ಜೋಡಿಸಬೇಕು.